ತಳದ ಮರಳು

ವಿಕ್ರೋಳಿ ಸ್ಟೇಶನ್ ಹತ್ತಿರ ಬಂತೆಂದರೆ ಅಣವೀರಪ್ಪ ಹೆಗಲ ಮೇಲಿನ ಟವೆಲ್ಲನ್ನು ಮುಖಕ್ಕೆಳೆದುಕೊಂಡು, ನಿದ್ದೆ ಬಂದವನಂತೆ ತಲೆ ಒರಗಿಸಿಬಿಡುತ್ತಿದ್ದ. ಐದು ವರ್ಷದ ಅಭ್ಯಾಸ ಅದು. ಹಿಂದೆ ಹೋಟೆಲಿನಲ್ಲಿ ಜೊತೆಗಿದ್ದ ಸೀನ ಅಲ್ಲಿನ ಯಾವುದೋ ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿದ್ದಾನೆಂದು ಯಾರೋ ಹೇಳಿದ್ದರು. ಅಷ್ಟು ಜನರ ನಡುವೆ ಅವನೇ ಬಂದು, ಇದೇ ಡಬ್ಬಿ ಹತ್ತಿ, ಇದೇ ಬೆಂಚಿನ ಮುಂದೆ ಕಂಬಿ ಹಿಡಿದು ನಿಲ್ಲುತ್ತಾನೆ ಎನ್ನುವುದಕ್ಕೆ ಯಾವ ಆಧಾರವೂ ಇರಲಿಲ್ಲ. ಆದರೇನು, ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗದಿದ್ದರೂ ಅಣವೀರಪ್ಪ ದಿನಕ್ಕೆರಡು ಸಲ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದ. ಇವತ್ತು ಮಾತ್ರ ರೈಲು ಕಾಂಜೂರು ದಾಟುವವರೆಗೂ ಟವೆಲ್ಲಿನ ನೆನಪೇ ಆಗಲಿಲ್ಲ. ಅಷ್ಟು ಸಿಟ್ಟು ಬಂದಿತ್ತು ಅವನಿಗೆ. ನಿನ್ನೆ ಸಂಜೆ ಗಲ್ಲಾದ ಮುಂದೆ ನಾಲ್ಕು ಗಿರಾಕಿಗಳು ಕೇಳುವ ಹಾಗೆ ಹೋಟೆಲಿನ ಮಾಲೀಕ ದೂಜ ಶೆಟ್ಟರು ಮೀನಿನ ತೊಟ್ಟಿಯ ಮರಳಿನ ಬಗ್ಗೆ ಹೇಳಿದ ಮಾತು ಕಿವಿಯೊಳಗೆ ಹೊಕ್ಕ ಇರುವೆಯಂತೆ ಇನ್ನೂ ಓಡಾಡುತ್ತಿತ್ತು. “ಘಟ್ಟದ ಮೇಲಿನವನಿಗೆ ಕಡಲ ಮರಳಿನ ವಿಷಯ ಎಂತ ಗೊತ್ತುಂಟು ಮಾರಾಯ? ನಾನು ಹುಟ್ಟಿದ್ದೇ ಅದರ ಮೇಲೆ. ಒಂದು ಹಿಡಿ ಸಹ ಹೊರಗೆ ಹೋಗ್ಲಿಕ್ಕಿಲ್ಲ.” ಗಿರಾಕಿಗಳು ನಕ್ಕಿದ್ದರು. ತಾನೂ ನಕ್ಕಿದ್ದ. ಹುಟ್ಟುವುದು ಬೇರೆ, ನೋಡಿಕೊಳ್ಳುವುದು ಬೇರೆ. ಮರಳ ಮೇಲೆ ಹುಟ್ಟುವುದೇ ಘನಕಾರ್ಯವಾದರೆ ಶೆಟ್ಟರ ಊರು ಕಾಪುವಿನ ಏಡಿಗಳೆಲ್ಲ ಮುಂಬಯಿಗೆ ಬಂದು ಹೋಟೆಲು ಇಡಬೇಕಿತ್ತು ಎಂಬ ಉತ್ತರ ಭಾಂಡುಪ್ ದಾಟಿದ ಮೇಲೆ ಹೊಳೆಯಿತು. ಅವನಿಗೆ ಉತ್ತರಗಳೆಲ್ಲ ಹೀಗೆಯೇ, ಒಂದು ದಿನ ಮತ್ತು ನಾಲ್ಕು ಸ್ಟೇಶನ್ನು ತಡವಾಗಿ ಹೊಳೆಯುತ್ತಿದ್ದವು.

ಮುಲುಂಡ್ ಸ್ಟೇಶನ್ನಿನ ಪಶ್ಚಿಮಕ್ಕಿದ್ದ ಆ ಹೋಟೆಲಿನ ಬೋರ್ಡಿನಲ್ಲಿ ಅಪ್ಪಟ ಸಸ್ಯಾಹಾರಿ ಎಂದು ಮೂರು ಭಾಷೆಗಳಲ್ಲಿ ಬರೆದಿತ್ತು; ಒಳಗೆ ಫ್ಯಾಮಿಲಿ ರೂಮಿನಲ್ಲಿ ಮಾತ್ರ ಸಮುದ್ರದ ಹನ್ನೊಂದು ಮೀನುಗಳು ಗಾಜಿನ ಹಿಂದಿನಿಂದ ಇಡ್ಲಿ ತಿನ್ನುವವರನ್ನು ನೋಡುತ್ತಿದ್ದವು. ತಿನ್ನಲಿಕ್ಕಲ್ಲ, ನೋಡಲಿಕ್ಕೆ ಎಂದು ಶೆಟ್ಟರು ಜೈನ ಗಿರಾಕಿಗಳಿಗೆ ವಿವರಿಸಿ ಹೇಳಬೇಕಾಗುತ್ತಿತ್ತು. ಊರು ಬಿಟ್ಟು ಬಂದವರಿಗೆ ಊರಿನದು ಏನಾದರೊಂದು ಕಣ್ಣೆದುರಿಗೆ ಬೇಕು. ಕೆಲವರು ದೇವರ ಪಟ ಇಡುತ್ತಾರೆ, ದೂಜ ಶೆಟ್ಟರು ಸಮುದ್ರವನ್ನೇ ಇಟ್ಟಿದ್ದರು. ಅರವತ್ತೇಳನೇ ಇಸವಿಯಲ್ಲಿ ಕಾಪುವಿನ ದಂಡೆಯಿಂದ ಒಂದು ಗೋಣಿ ಮರಳನ್ನು ಲಾರಿಯಲ್ಲಿ ತರಿಸಿ, ಇಷ್ಟು ಬೇಡ ಎಂದು ತೊಟ್ಟಿ ಮಾರಿದ ಅಂಗಡಿಯವನು ಹೇಳಿದರೂ ಕೇಳದೆ ಅಷ್ಟನ್ನೂ ಮೂರಡಿಯ ತೊಟ್ಟಿಗೆ ಸುರಿಸಿದ್ದರು. ಹೀಗಾಗಿ ತೊಟ್ಟಿಯಲ್ಲಿ ಒಂದು ಗೇಣು ಮರಳು, ಅದರ ಮೇಲೆ ಒಂದೂವರೆ ಗೇಣು ನೀರು. ಸಿಂದಗಿ ಕಡೆಯಿಂದ ಬಂದು ಚೆಂಬೂರಿನಲ್ಲಿ ಗಾರೆ ಹೊತ್ತು ಸೊಂಟ ಬಿದ್ದ ಮೇಲೆ ಹೋಟೆಲಿಗೆ ನೀರು ತುಂಬುವ ಕೆಲಸಕ್ಕೆ ಸೇರಿದ್ದ ಅಣವೀರಪ್ಪನ ಪಾಲಿಗೆ ಆ ನೀರೂ ಬಂತು. ಅವನು ಲಿಂಗವಂತ. ಮನೆತನದಲ್ಲಿ ಯಾರೂ ಮೀನು ಮುಟ್ಟಿದವರಲ್ಲ, ನೋಡಿದವರೂ ಕಡಿಮೆ. ಮೊದಲ ದಿನ ತೊಟ್ಟಿಯೊಳಗೆ ಕೈ ಹಾಕು ಎಂದಾಗ ವಾಂತಿ ಬಂದಿತ್ತು. ಆಗ ಅವನ ಮಣಿಕಟ್ಟು ಹಿಡಿದು, ನಗದೆ, ಮೆಲ್ಲಗೆ ನೀರಿನೊಳಗೆ ಇಳಿಸಿದವನು ಸಪ್ಲಾಯರ್ ಸೀನ. “ಹೆದರ್ಬೇಡಿ ಅಣ್ಣೇರೆ, ಅದಕ್ಕೆ ನಿಮ್ಮ ಹೆದರಿಕೆ ಜಾಸ್ತಿ ಉಂಟು” ಎಂದಿದ್ದ. ಆ ಕೈಯನ್ನು ಅಣವೀರಪ್ಪ ಇವತ್ತಿಗೂ ಮರೆತಿಲ್ಲ. ಒಳ್ಳೆಯವರ ಕೈ ಮರೆಯುವುದು ಕೆಟ್ಟವರ ಕೈ ಮರೆಯುವುದಕ್ಕಿಂತ ಕಷ್ಟ ಎಂಬುದನ್ನು ಅವನು ಆಮೇಲೆ ಕಲಿತ.

ಹೋಟೆಲಿಗೆ ಬಂದರೆ ಹೊಸ ತೊಟ್ಟಿ ಗೋಡೆಯುದ್ದಕ್ಕೂ ಕೂತಿತ್ತು. ಆರಡಿ ಗಾಜು, ಕಬ್ಬಿಣದ ಚೌಕಟ್ಟಿಗೆ ಉಪ್ಪು ಹತ್ತದಂತೆ ಕಪ್ಪು ಬಣ್ಣ. ಸಸೂನ್ ಡಾಕಿನ ದೋಣಿಯವರು ದಂಡೆಯಿಂದ ದೂರದ ಸಮುದ್ರದ ನೀರು ತುಂಬಿಕೊಟ್ಟ ಕ್ಯಾನುಗಳನ್ನು ಮೂರು ದಿನದಿಂದ ಅವನೂ ನಿಂಗಣ್ಣನೂ ಲಗೇಜ್ ಡಬ್ಬಿಯಲ್ಲಿ ಹೊತ್ತು ತಂದು ಸಾಲಾಗಿ ಇಟ್ಟಿದ್ದರು. ನಿಂಗಣ್ಣ ಹಿಟ್ಟು ರುಬ್ಬುವವನು, ಅಣವೀರಪ್ಪನ ಸೀಮೆಯವನೇ, ಮಾತು ಕಡಿಮೆ. ಸಂಜೆ ಐದಕ್ಕೆ ವಾರ್ಡಿನ ಕಾರ್ಪೊರೇಟರು ಬಂದು ರಿಬ್ಬನ್ ಕತ್ತರಿಸುವುದೆಂದು ನಿಶ್ಚಯವಾಗಿತ್ತು. ಅಷ್ಟರೊಳಗೆ ಹಳೇ ತೊಟ್ಟಿಯ ಮೀನು, ಕಲ್ಲು, ಮರಳು ಎಲ್ಲ ಹೊಸದಕ್ಕೆ ಹೋಗಬೇಕು. ಅಣವೀರಪ್ಪ ಹಳೇ ತೊಟ್ಟಿಯ ಗಾಜಿಗೆ ಹಣೆ ಹಚ್ಚಿ ನಿಂತ. ಪಕ್ಕದಿಂದ ನೋಡಿದರೆ ಮರಳು ಎರಡು ಬಣ್ಣ. ಮೇಲಿನ ಎರಡು ಬೆರಳಷ್ಟು ಕಂದು. ಅದರಲ್ಲಿ ಕಣ್ಣಿಗೆ ಕಂಡೂ ಕಾಣದ ಹುಳಗಳು ಹೊಕ್ಕು ಹೊರಡುತ್ತಿದ್ದವು, ನೀರು ತಿಳಿಯಾಗಿರುವುದು ಅವುಗಳಿಂದ. ಅದರ ಕೆಳಗೆ ಮಸಿಯಂತೆ ಕಪ್ಪು. ಆ ಕಪ್ಪನ್ನು ಕೆದಕಿದರೆ ಕೊಳೆತ ಮೊಟ್ಟೆಯ ವಾಸನೆಯ ಗಾಳಿ ಬಿಡುತ್ತದೆ, ಆ ಗಾಳಿ ಮೀನನ್ನು ಒಂದು ತಾಸಿನೊಳಗೆ ಕೊಲ್ಲುತ್ತದೆ. ಹೆಂಡತಿ ಸುಂದ್ರವ್ವ ಹೊಸ ಗಡಿಗೆಗೆ ಹೆಪ್ಪು ಹಾಕುವಾಗ ಹಳೇ ಮೊಸರಿನ ಮೇಲಿನಿಂದ ಒಂದು ಚಮಚ ತೆಗೆಯುತ್ತಾಳೆ, ತಳದ ಹುಳಿ ನೀರನ್ನು ಚೆಲ್ಲುತ್ತಾಳೆ. ಮನೆಯ ಹೆಂಗಸರೆಲ್ಲರಿಗೂ ಗೊತ್ತಿರುವ ಮಾತು. ಮೇಲಿನ ಮರಳು ಹೆಪ್ಪು, ತಳದ್ದು ವಿಷ. ಇಷ್ಟನ್ನು ಹೇಳಲಿಕ್ಕೆ ಕಾಪುವಿನಲ್ಲಿ ಹುಟ್ಟಬೇಕಾಗಿಲ್ಲ.

ಹೇಳಿದ. ಶೆಟ್ಟರು ಗಲ್ಲಾಕ್ಕೆ ಊದುಬತ್ತಿ ಹಚ್ಚುತ್ತಿದ್ದರು.

“ಸಾವ್ಕಾರ್ರ, ಮ್ಯಾಲಿಂದಷ್ಟ ಹಾಕೂಣ್ರಿ. ಉಳಿದದ್ದಕ್ಕ ಹೊಸಾ ಮರಳ ತರೂಣು. ತಳದ್ದು ಹಾಕಿದ್ರ ಮೀನ ಸಾಯ್ತಾವು.”

“ಯಾರು ಹೇಳಿದ್ದು ನಿನಗೆ?”

“ಯಾರೂ ಹೇಳಿಲ್ರಿ. ನನಗ ಗೊತ್ತೈತಿ.”

“ಹೇಗೆ ಗೊತ್ತು?”

ನಿನ್ನೆಯೂ ಮಾತು ಇದೇ ಪ್ರಶ್ನೆಗೇ ಬಂದು ನಿಂತಿತ್ತು. ಶೆಟ್ಟರು ಊದುಬತ್ತಿಯ ಹೊಗೆಯನ್ನು ಕೈಯಿಂದ ಬೀಸಿ, “ನೋಡು, ಅದು ನನ್ನ ಅಮ್ಮ ನಡೆದಾಡಿದ ಮರಳು. ಎಲ್ಲ ಹಾಕು. ಐದು ಗಂಟೆಗೆ ಜನ ಬರ್ತಾರೆ” ಎಂದರು. ಅಮ್ಮನ ಹೆಸರು ತಂದ ಮೇಲೆ ಮುಂದೆ ಮಾತಾಡುವ ಹಾಗಿರಲಿಲ್ಲ. ಹೇಗೆ ಗೊತ್ತು ಎಂದು ಇವರು ಕೇಳುವುದು ತಿಳಿದುಕೊಳ್ಳಲಿಕ್ಕಲ್ಲ, ಬಾಯಿ ಮುಚ್ಚಿಸಲಿಕ್ಕೆ. ಏಳು ವರ್ಷ ಮೊಣಕೈವರೆಗೆ ಉಪ್ಪು ಕಚ್ಚಿಸಿಕೊಂಡವನ ಮಾತಿಗೆ ಸಾಕ್ಷಿ ಬೇಕು. ಗಲ್ಲಾದ ಹಿಂದೆ ಕೂತವರ ಮಾತಿಗೆ ಬೇಡ. ಹಿಂದಕ್ಕೆ ಬರುತ್ತ ಕಾಲಿಗೆ ಸಿಕ್ಕ ಖಾಲಿ ಕ್ಯಾನನ್ನು ಒದ್ದ. ಅದು ಉರುಳಿ ಹೋಗಿ ಕೈ ತೊಳೆಯುವ ಬೇಸಿನ್ನಿನ ಕೆಳಗೆ ನಿಂತಿತು. ಆವತ್ತು ಸೀನ ನಿಂತಿದ್ದ ಜಾಗ ಅದು.

ಐದು ವರ್ಷದ ಹಿಂದೆ, ಆವತ್ತೂ ಗುರುವಾರವೇ. ಮಧ್ಯಾಹ್ನ ಊಟದ ಗದ್ದಲ ಮುಗಿದು ಫ್ಯಾಮಿಲಿ ರೂಮು ಖಾಲಿಯಿತ್ತು. ಅಣವೀರಪ್ಪ ತೊಟ್ಟಿಯ ಮೇಲೆ ಬಗ್ಗಿ ಗಾಜಿನ ಪಾಚಿ ಕೆರೆಯುತ್ತಿದ್ದ. ಎದೆಯ ಮೇಲಿನ ಶಿವದಾರ ಬೆವರಿಗೆ ನವೆದು ಹೋಗಿತ್ತು, ಬದಲಾಯಿಸು ಎಂದು ಸುಂದ್ರವ್ವ ಎರಡು ಸಲ ಹೇಳಿದ್ದಳು. ದಾರ ಹರಿದು ಬೆಳ್ಳಿಯ ಕರಡಿಗೆ ನೀರಿಗೆ ಬಿತ್ತು; ಕಲ್ಲಿಗೆ ಬಡಿದು ಬಾಯಿ ತೆರೆಯಿತು; ಒಳಗಿದ್ದ ಲಿಂಗ ಉರುಳಿ ಕಲ್ಲಿನ ಬುಡದ ಮರಳಿನಲ್ಲಿ ಇಲ್ಲವಾಯಿತು. ಎಂಟು ವರ್ಷದವನಿದ್ದಾಗ ಅಯ್ಯನವರು ಕಟ್ಟಿದ ಲಿಂಗ. ಅದು ಮೈ ಬಿಟ್ಟರೆ ಪ್ರಾಣ ಬಿಟ್ಟಂತೆ ಎಂದು ಕೇಳುತ್ತ ಬೆಳೆದವನು. ಈಗ ಅದು ಮೀನಿನ ಹೇಲಿನ ನಡುವೆ ಬಿದ್ದಿದೆ. ಅವನು ಎರಡೂ ಕೈ ಹಾಕಿ ಅಗೆದ. ನೀರು ಕಪ್ಪಾಯಿತು, ಏನೂ ಕಾಣಲಿಲ್ಲ, ವಾಸನೆ ಮೂಗಿಗೆ ಹೊಡೆಯಿತು. ಕುರುಡನ ಹಾಗೆ ತಳದ ಗಾಜಿನವರೆಗೆ ಬಗೆದು ಬಗೆದು, ಕೊನೆಗೆ ಬೆರಳಿಗೆ ಆ ದುಂಡು ಸಿಕ್ಕಿತು. ಹೊರಗೆ ತೆಗೆದು ತಿರುಗಿದರೆ ಬೇಸಿನ್ನಿನ ಹತ್ತಿರ ಸೀನ. ಅವನು ಅಣವೀರಪ್ಪನ ಅಂಗೈ ನೋಡಿದ, ಮುಖ ನೋಡಿದ, ಏನೂ ಕೇಳದೆ ಒಂದು ಚೊಂಬು ಒಳ್ಳೆಯ ನೀರು ತಂದು ಕೈಮೇಲೆ ಹೊಯ್ದ. “ಯಾರಿಗೂ ಹೇಳಬ್ಯಾಡೋ ಸೀನಾ” ಎಂದು ಅಣವೀರಪ್ಪ ಅಂದಿದ್ದಕ್ಕೆ, “ಎಂತ ಹೇಳುದು? ನಾನು ಎಂತ ನೋಡಿದ್ದೇನೆ?” ಎಂದಿದ್ದ.

ಒಂದು ತಾಸಿನಲ್ಲಿ ನಾಲ್ಕು ಮೀನು ಮೇಲೆ ತೇಲಿದವು. ಶೆಟ್ಟರು ಬಂದು ಏನಾಯಿತು ಎಂದಾಗ ಅಣವೀರಪ್ಪನ ಬಾಯಿಂದ ಲಿಂಗದ ಮಾತು ಹೊರಡಲಿಲ್ಲ. ಬೇರೆ ಏನಾದರೂ ಹೊರಡಬೇಕಿತ್ತಲ್ಲ, ಹೊರಟಿತು. ಸೀನ ಸೋಪಿನ ಕೈ ಅದ್ದಿದ ಎಂದ. ಬೇರೆ ಯಾರ ಹೆಸರೂ ಯಾಕೆ ಬರಲಿಲ್ಲ ಎಂದು ಆಮೇಲೆ ಎಷ್ಟು ಸಲ ಕೇಳಿಕೊಂಡಿದ್ದಾನೋ. ಗುಟ್ಟು ತಿಳಿದವನು ಹತ್ತಿರ ಇರಬಾರದು ಎಂಬ ಹೇಸಿಗೆಯ ಲೆಕ್ಕ ತನಗೇ ತಿಳಿಯದ ಹಾಗೆ ಒಳಗೆ ಕೂತಿತ್ತೇ? ಸೀನನನ್ನು ಕರೆಸಿ ನಿಲ್ಲಿಸಿದರು. ಅವನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅಣವೀರಪ್ಪನನ್ನು ಒಮ್ಮೆ ನೋಡಿ, ತನ್ನ ಕೈಗಳನ್ನು ಮೂಗಿಗೆ ಹಿಡಿದು ಮೂಸಿ, “ನಾನು ಅದ್ದಲಿಲ್ಲ” ಎಂದ. ಅಷ್ಟೇ. ಕೊಟ್ಟ ಮಾತನ್ನು ಅವನು ಉಳಿಸಿಕೊಂಡ. ಸಂಜೆಯ ಹೊತ್ತಿಗೆ ಟ್ರಂಕು ಹೊತ್ತು ಹಿಂಬಾಗಿಲಿನಿಂದ ಹೋದ. ಅಣವೀರಪ್ಪ ಮನೆಗೆ ಹೋಗಿ ಲಿಂಗವನ್ನು ಮೂರು ಸಲ ತೊಳೆದು, ಭಸ್ಮ ಹಚ್ಚಿ, ಹೊಸ ದಾರದಲ್ಲಿ ಕಟ್ಟಿಕೊಂಡ. ಪೂಜೆಗೆ ಕೂತಾಗೆಲ್ಲ ಅಂಗೈಯಲ್ಲಿ ಆ ವಾಸನೆ ಇದೆಯೋ ಇಲ್ಲವೋ ಎಂದು ಮೂಸುವುದು ಅಂದಿನಿಂದ ಶುರುವಾಯಿತು.

“ಕಾಕಾ, ಹೊತ್ತಾತು. ಸುರಿಯೂಣೇನು?” ನಿಂಗಣ್ಣ ಕೇಳಿದ. ಮೀನುಗಳನ್ನು ಟಬ್ಬಿಗೆ ಬಿಟ್ಟಾಗಿತ್ತು, ಹಳೇ ನೀರನ್ನು ಪೈಪಿನಿಂದ ಹೊಸ ತೊಟ್ಟಿಗೆ ಇಳಿಸಿಯಾಗಿತ್ತು. ಇನ್ನು ಹಳೇ ತೊಟ್ಟಿಯನ್ನು ಇಬ್ಬರೂ ಎತ್ತಿ ಓರೆ ಮಾಡಿದರೆ ಮರಳೆಲ್ಲ ಒಂದೇ ಸಲ ಹೊಸದರೊಳಗೆ ಜಾರುತ್ತದೆ. ಟಬ್ಬಿನಲ್ಲಿ ಹನ್ನೊಂದು ಮೀನು ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿದ್ದವು. ಪಟ್ಟೆಯ ಮೀನು ಎಂದಿನಂತೆ ಅವನ ಬೆರಳ ನೆರಳಿಗೆ ಮೇಲೆ ಬಂತು, ಊಟ ಎಂದುಕೊಂಡು. ಆವತ್ತು ಉಳಿದಿದ್ದ ಒಂದೇ ಮೀನು ಅದು. ಮಿಕ್ಕವೆಲ್ಲ ಆಮೇಲೆ ಬಂದವು. ಬೇಡ ಅಂದವನು ನಾನು, ಸುರಿ ಅಂದವರು ಅವರು, ಸತ್ತರೆ ಅವರ ಮೀನು, ಅವರ ಊರು, ಅವರ ಅಮ್ಮ ಎಂದು ಒಂದು ಮನಸ್ಸು ಹೇಳಿತು. ಆ ಮನಸ್ಸಿಗೆ ಒಂದು ರುಚಿಯೂ ಇತ್ತು. ಕಾರ್ಪೊರೇಟರ ಮುಂದೆ ಹನ್ನೊಂದೂ ಹೊಟ್ಟೆ ಮೇಲಾಗಿ ತೇಲಲಿ, ಘಟ್ಟದ ಮೇಲಿನವನ ಮಾತು ಆಗ ತಿಳಿಯಲಿ. ಆದರೆ ಆಗಲೂ ಶೆಟ್ಟರು ಯಾರನ್ನಾದರೂ ಕರೆಸಿ ನಿಲ್ಲಿಸುತ್ತಾರೆ, ಯಾರೋ ತಮ್ಮ ಕೈ ಮೂಸಿ ನೋಡಿಕೊಳ್ಳುತ್ತಾರೆ. ಈ ಸಲ ನಿಂಗಣ್ಣ ಇರಬಹುದು. ಅಣವೀರಪ್ಪ ತೊಟ್ಟಿಯ ಅಂಚು ಹಿಡಿದಿದ್ದ ನಿಂಗಣ್ಣನ ಕೈ ಬಿಡಿಸಿ, ನೇರ ಗಲ್ಲಾಕ್ಕೆ ಹೋದ.

“ಹ್ಯಾಂಗ ಗೊತ್ತಂತ ಕೇಳಿದ್ರಲ್ಲ ಸಾವ್ಕಾರ್ರ. ಹೇಳ್ತೀನಿ, ಕೇಳ್ರಿ.”

ಎಲ್ಲವನ್ನೂ ಹೇಳಿದ. ದಾರ ಹರಿದದ್ದು, ಲಿಂಗ ಬಿದ್ದದ್ದು, ಅಗೆದದ್ದು, ಚೊಂಬು ನೀರು, ಸೋಪಿನ ಸುಳ್ಳು. ಐದು ವರ್ಷ ಹೊತ್ತದ್ದನ್ನು ಇಳಿಸುವಾಗ ಗೋಣು ಹಗುರಾಗುತ್ತದೆ ಎಂದುಕೊಂಡಿದ್ದ. ಶೆಟ್ಟರು ಬೈಯುತ್ತಾರೆ, ಕೆಲಸದಿಂದ ತೆಗೆಯುತ್ತಾರೆ, ಅದಕ್ಕೂ ತಯಾರಾಗಿದ್ದ. ಶೆಟ್ಟರು ಚಿಲ್ಲರೆ ಡಬ್ಬಿಯ ಮುಚ್ಚಳ ಮುಚ್ಚಿ, ಕನ್ನಡಕ ತೆಗೆದು, ಪಂಚೆಯ ತುದಿಯಿಂದ ಒರೆಸಿದರು.

“ಆವತ್ತು ನೀರಲ್ಲಿ ನೊರೆ ಇರಲಿಲ್ಲ ಅಣವೀರಪ್ಪ. ಸೋಪಿನ ಕೈ ಅದ್ದಿದರೆ ನೊರೆ ಬರುದಿಲ್ವಾ? ಅಡಿಯಿಂದ ಗಾಳಿ ಗುಳ್ಳೆ ಬೇರೆ ಬರ್ತಾ ಇತ್ತು. ನಾನು ಎಂತ ಕುರುಡನಾ? ಮೀನು ಎಂತಕ್ಕೆ ಸತ್ತದ್ದು ಅಂತ ನನಗೆ ಗೊತ್ತಿರಲಿಲ್ಲ. ಸೀನ ಕೊಂದದ್ದಲ್ಲ ಅಂತ ಗೊತ್ತಿತ್ತು.”

ಅಣವೀರಪ್ಪನಿಗೆ ಮೊದಲು ಅರ್ಥವಾಗಲಿಲ್ಲ. “ಮತ್ತ ಅವನ್ನ ಯಾಕ ತೆಗದ್ರಿ?”

“ಅವ ವಾರಕ್ಕೊಂದು ರಜೆ ಬೇಕು ಅಂತ ಎಲ್ಲರನ್ನೂ ಸೇರಿಸ್ತಾ ಇದ್ದ. ಯೂನಿಯನ್ನಿನವರನ್ನು ಬೇರೆ ಕರ್ಕೊಂಡು ಬರ್ಲಿಕ್ಕಿದ್ದ. ಅದಕ್ಕೇ ತೆಗೆದರೆ ಗಲಾಟೆ. ನೀನು ಒಳ್ಳೆ ಸಮಯಕ್ಕೆ ಸೋಪು ತಂದುಕೊಟ್ಟೆ.” ಶೆಟ್ಟರು ಕನ್ನಡಕ ಹಾಕಿಕೊಂಡು ಅವನನ್ನು ಹೊಸದಾಗಿ ನೋಡಿದರು. “ಆಯ್ತು, ಕಪ್ಪು ಹಾಕುದು ಬೇಡ. ನೀನು ಹೇಳಿದ ಹಾಗೆಯೇ ಮಾಡು. ಆದ್ರೆ ಬಿಸಾಡಬೇಡ, ಟೆರೇಸಲ್ಲಿ ಒಣಗಿಸುವಾ. ಊರ ಮರಳು.”

ಗೆದ್ದ ಹಾಗಾಯಿತು. ಒಂದು ಅಗಲವಾದ ತಟ್ಟೆಯಿಂದ ಕಂದು ಮರಳನ್ನು ಕೆನೆ ತೆಗೆದ ಹಾಗೆ ತೆಗೆದು ತೆಗೆದು, ಸಮುದ್ರದ ನೀರಿನಲ್ಲಿ ಒಂದೇ ಒಂದು ಸಲ ಅದ್ದಿ, ಹೊಸ ತೊಟ್ಟಿಯ ತಳದಲ್ಲಿ ಹರಡಿದ. ನಲ್ಲಿಯ ನೀರು ತಾಗಿಸಲಿಲ್ಲ, ಅದು ತಾಗಿದರೆ ಹೆಪ್ಪು ಸಾಯುತ್ತದೆ. ಆರಡಿಯ ತೊಟ್ಟಿಗೆ ಅದು ತೆಳ್ಳಗೆ ಬಂತು. ಮಧ್ಯೆ ಗಾಜು ಕಾಣುವಲ್ಲಿ ಕಲ್ಲುಗಳನ್ನು ಇಟ್ಟ. ತಳದ ಕಪ್ಪನ್ನು ನಿಂಗಣ್ಣ ಎರಡು ಬಕೆಟ್ಟಿಗೆ ತುಂಬುತ್ತಿದ್ದ. ವಾಸನೆ ಅಡುಗೆಮನೆಯವರೆಗೆ ಹೋಗಿ ದೋಸೆ ಭಟ್ಟರು ಒಳಗಿನಿಂದಲೇ ಬೈದರು. ಅಣವೀರಪ್ಪ ಬಗ್ಗಿ ಕೆಲಸ ಮಾಡುತ್ತ ಯೋಚಿಸುತ್ತಿದ್ದ. ಯೋಚಿಸಿದಷ್ಟೂ ಮೈ ಕುದಿಯಿತು. ಸುಳ್ಳು ಹೇಳಿದವನು ತಾನು ಎಂದು ಐದು ವರ್ಷ ಊಟದಲ್ಲಿ, ನಿದ್ದೆಯಲ್ಲಿ, ಪೂಜೆಯಲ್ಲಿ ಬೆಂದಿದ್ದ. ವಿಕ್ರೋಳಿಯಲ್ಲಿ ಮುಖ ಮುಚ್ಚಿದ್ದ. ಆ ಸುಳ್ಳನ್ನು ನಂಬಿದವನು ಒಬ್ಬನೂ ಇರಲಿಲ್ಲ. ನಂಬದೆಯೇ ಅದನ್ನು ತೆಗೆದುಕೊಂಡು, ತಮಗೆ ಬೇಕಾದಲ್ಲಿ ಬಳಸಿಕೊಂಡು, ಬಳಸಿಕೊಂಡದ್ದನ್ನೂ ಹೇಳದೆ, ಅವನು ಬೇಯುವುದನ್ನು ದಿನಾ ಗಲ್ಲಾದಿಂದ ನೋಡುತ್ತ ಕೂತಿದ್ದರು. ಪಾಪ ತನ್ನದೇ, ಅದರಲ್ಲಿ ಅನುಮಾನವಿಲ್ಲ. ಆದರೆ ಅದನ್ನು ಕೂಡ ಇವರು ತಮ್ಮ ಕೆಲಸಕ್ಕೆ ಹಚ್ಚಿದ್ದರು, ನೀರು ತುಂಬಲು ಅವನನ್ನು ಹಚ್ಚಿದ ಹಾಗೆ. ದಾರಿ ಮೇಲೆ ಬಿದ್ದ ಕಲ್ಲನ್ನು ಎತ್ತಿ ಬಾಗಿಲಿಗೆ ಒತ್ತು ಕೊಡುವಷ್ಟು ಸಲೀಸಾಗಿ. ಕ್ಷಮೆ ಕೇಳಲು ಹೋದವನಿಗೆ ಇನಾಮು ಕೊಟ್ಟು ಕಳಿಸಿದ ಹಾಗಾಗಿತ್ತು. ಅದಕ್ಕಿಂತ ಕಪಾಳಕ್ಕೆ ಒಂದು ಬಿಟ್ಟಿದ್ದರೆ ಅವನು ಮನುಷ್ಯನಾಗಿ ಮನೆಗೆ ಹೋಗುತ್ತಿದ್ದ.

ನಾಲ್ಕೂವರೆಗೆ ಮೀನುಗಳನ್ನು ಬಿಟ್ಟ. ಪಟ್ಟೆಯದು ಮೊದಲು ಮೂಲೆಗೆ ಹೋಗಿ ಅಡಗಿತು, ಆಮೇಲೆ ಗೋಡೆಯುದ್ದಕ್ಕೂ ಈಜಿ, ಗಾಜು ಇಷ್ಟು ದೂರ ಯಾಕಿದೆ ಎಂಬಂತೆ ತಿರುಗಿ ಬಂತು. ಉಸಿರಾಟ ಸರಿಯಾಗಿತ್ತು. ಹನ್ನೊಂದೂ ಸರಿಯಾಗಿದ್ದವು.

ಐದಕ್ಕೆ ಎಂದವರು ಐದೂ ಮುಕ್ಕಾಲಿಗೆ ಬಂದರು. ಕಾರ್ಪೊರೇಟರು ಬಿಳಿ ಬಟ್ಟೆಯ ದಪ್ಪ ಮನುಷ್ಯ, ಮರಾಠಿಯವರು. ಜೊತೆಗೆ ಹತ್ತು ಹದಿನೈದು ಜನ. ರಿಬ್ಬನ್ ಕತ್ತರಿಸಿ, ಗಾಜಿಗೆ ಬೆರಳು ತಟ್ಟಿ, ಮಕ್ಕಳ ಹಾಗೆ ನಕ್ಕರು. ನೀರು ಎಷ್ಟು ತಿಳಿಯಾಗಿದೆ, ಯಾರು ಮಾಡಿದ್ದು ಎಂದು ಕೇಳಿದರು. ಶೆಟ್ಟರು ಅಣವೀರಪ್ಪನ ಬೆನ್ನಿಗೆ ಕೈಯಿಟ್ಟು ಮುಂದಕ್ಕೆ ತಂದರು. ಆ ಕೈ ಬೆಚ್ಚಗಿತ್ತು, ಪ್ರೀತಿಯದೇ ಕೈ ಇರಬಹುದು, ಅದರಿಂದ ಇನ್ನೂ ಹೇಸಿಗೆಯಾಯಿತು. ಇವನು ನಮ್ಮ ಅಣವೀರಪ್ಪ, ಘಟ್ಟದ ಮೇಲಿನವನಾದರೂ ಬಹಳ ನಂಬಿಗಸ್ತ ಎಂದು ಮರಾಠಿಯಲ್ಲಿ ಹೇಳಿದರು. ಯಾರೋ ಚಪ್ಪಾಳೆ ತಟ್ಟಿದರು.

ನಂಬಿಗಸ್ತ. ಅಣವೀರಪ್ಪ ತಿರುಗಿ ಹಿಂದಕ್ಕೆ ಹೋದ. ನಾಚಿಕೊಂಡ ಎಂದು ಜನ ನಕ್ಕರು. ಅವನು ಕಪ್ಪು ಮರಳಿನ ಒಂದು ಬಕೆಟ್ಟನ್ನು ಎತ್ತಿಕೊಂಡು ಬಂದು ಕಾರ್ಪೊರೇಟರ ಬಿಳಿ ಪಾಯಿಜಾಮದ ಮುಂದೆ ಇಟ್ಟ. ಹಲ್ಲು ಕಚ್ಚಿದ್ದರಿಂದ ಬಾಯಿಗೆ ಬಂದದ್ದು ಊರಿನ ಮಾತೇ.

“ಸೀನ ಮೀನ ಕೊಂದಿಲ್ರಿ. ನಾ ಕೊಂದೀನಿ, ಈ ಮರಳ ಕೆದಕಿ. ಸುಳ್ಳ ಹೇಳಿ ಅವನ ಹೊಟ್ಟಿ ಮ್ಯಾಲ ಹೊಡದೆ. ಸಾವ್ಕಾರ್ಗೆ ಗೊತ್ತಿತ್ತು.”

ಏನು ಹೇಳುತ್ತಾನೆ ಇವನು ಎಂದು ಕಾರ್ಪೊರೇಟರು ಶೆಟ್ಟರ ಕಡೆ ನೋಡಿದರು. ಶೆಟ್ಟರ ಮುಖದಲ್ಲಿ ನಗು ಹಾಗೆಯೇ ಇತ್ತು, ಒಂದು ಎಳೆಯೂ ಅಲ್ಲಾಡಲಿಲ್ಲ. ಇದು ನಮ್ಮ ಊರಿನ ಮರಳು ಸಾಹೇಬರೆ, ನನ್ನ ತಾಯಿ ನಡೆದಾಡಿದ್ದು, ತಾವು ಒಮ್ಮೆ ಮುಟ್ಟಬೇಕು ಎಂದು ಇವನ ಆಸೆ, ಭಾವುಕ ಮನುಷ್ಯ ಎಂದು ಮರಾಠಿಗೆ ತಿರುಗಿಸಿದರು. ಕಾರ್ಪೊರೇಟರ ಮುಖ ನಿಜವಾಗಿಯೂ ಮೆದುವಾಯಿತು. ಅವರಿಗೂ ರತ್ನಾಗಿರಿ ಕಡೆ ಒಂದು ಊರಿತ್ತು. ಚಪ್ಪಲಿ ಬಿಟ್ಟು, ಬಗ್ಗಿ, ಎರಡು ಬೆರಳು ಬಕೆಟ್ಟಿನೊಳಗೆ ಅದ್ದಿ ಕಣ್ಣಿಗೆ ಒತ್ತಿಕೊಂಡರು. ಸುತ್ತಲಿನವರೂ ಚಪ್ಪಲಿ ಬಿಟ್ಟರು. ಹಿಂದೆ ನಿಂತಿದ್ದ ನಿಂಗಣ್ಣ ಮಾತ್ರ ಚಪ್ಪಲಿಯಲ್ಲೇ ಇದ್ದ.

ವಾಸನೆ ಆಮೇಲೆ ಏರಿತು. ಕಾರ್ಪೊರೇಟರು ರೆಪ್ಪೆಯ ಮೇಲೆ ಮಸಿ ಹತ್ತಿದ ಕಣ್ಣನ್ನು ಕಿರಿದು ಮಾಡಿ, ಕಪ್ಪಾದ ಬೆರಳನ್ನು ಮೈಯಿಂದ ದೂರ ಹಿಡಿದು, ಒರೆಸಲಿಕ್ಕೆ ಏನಾದರೂ ಸಿಗುತ್ತದೆಯೇ ಎಂದು ಅತ್ತಿತ್ತ ನೋಡಿದರು. ಶೆಟ್ಟರು ಅಣವೀರಪ್ಪನ ಹೆಗಲ ಮೇಲಿದ್ದ ಟವೆಲ್ಲಿಗೆ ಕೈ ಸನ್ನೆ ಮಾಡಿದರು, ನಗುತ್ತಲೇ, ಆದರೆ ಕಣ್ಣಿನಲ್ಲಿ ನಗುವಿರಲಿಲ್ಲ.

ಅಣವೀರಪ್ಪ ಟವೆಲ್ಲು ತೆಗೆದ. ಅದರಿಂದ ತನ್ನ ಎರಡೂ ಕೈಗಳನ್ನು, ಬೆರಳ ಸಂದಿಗಳನ್ನು, ಮೊಣಕೈವರೆಗೆ ಸಾವಕಾಶವಾಗಿ ಒರೆಸಿಕೊಂಡು, ಮಡಚಿ ಮತ್ತೆ ಹೆಗಲಿಗೇ ಹಾಕಿಕೊಂಡ. ಕಾರ್ಪೊರೇಟರು ಬೆರಳು ಚಾಚಿಕೊಂಡೇ ನಿಂತಿದ್ದರು. ಆಮೇಲೆ ಅವನು, ಗಾರೆ ಹೊರುವಾಗ ಕಲಿತ ಮರಾಠಿಯಲ್ಲಿ, ದಾರ ಹರಿದಲ್ಲಿಂದ ಹೇಳಲು ಶುರು ಮಾಡಿದ.